ಹೋದ ವರ್ಷದ ಅಳತೆ

ಮೆನ್ನೊನೈಟ್ ವಸಾಹತು, ಮ್ಯಾನಿಟೋಬಾ, ಕೆನಡಾ
ಸೆಪ್ಟೆಂಬರ್ ೧೮೭೬

ಅಮ್ಮಾ,

ರಷ್ಯಾದಿಂದ ನೀನು ಬರೆದ ಕಾಗದ ತಲುಪಿತು. ‘ಅಗನೇತಾ ಓಡಾಡ್ತಾಳೇನೇ? ಕುಲಾವಿ ಎಷ್ಟು ದೊಡ್ಡದು ಹೆಣೀಲಿ?’ ಎಂದು ಕೇಳಿದ್ದೀಯ.

ಅವಳು ಜನವರಿಯಲ್ಲೇ ಗಂಟಲುಬೇನೆಯಿಂದ ತೀರಿಕೊಂಡಳು. ನಿನಗೆ ಬರೆಯಲು ಕೈ ಏಳಲಿಲ್ಲ. ಗುಂಡಿ ತೋಡಲು ಹೋದರೆ ನೆಲ ಹೆಪ್ಪುಗಟ್ಟಿ ಹಾರೆಗೂ ಬಗ್ಗಲಿಲ್ಲ. ಏಪ್ರಿಲ್‌ವರೆಗೆ ಅವಳನ್ನು ಉಗ್ರಾಣದಲ್ಲಿ, ಹಿಟ್ಟಿನ ಚೀಲಗಳ ಪಕ್ಕ ಮಲಗಿಸಿದ್ದೆವು. ದಿನಾ ಹಿಟ್ಟು ತರಲು ನಾನೇ ಹೋಗಬೇಕಿತ್ತು.

ಮೊನ್ನೆ ಮತ್ತೆ ಹೆಣ್ಣು ಹುಟ್ಟಿತು. ‘ನಮ್ಮ ಮಂದೀಲಿ ಹೋದ ಮಗೂನ ಹೆಸರು ಬಿಟ್ಟುಕೊಡಲ್ಲ ಕಣೇ, ಅದನ್ನೇ ಇಡೋಣ’ ಎಂದರು ಯಜಮಾನರು. ಹಾಗಾಗಿ ಇವಳೂ ಅಗನೇತಾ. ತೊಟ್ಟಿಲ ಬಳಿ ನಿಂತು ಹೆಸರು ಕರೆದರೂ ನನ್ನ ಕಣ್ಣು ಉಗ್ರಾಣದ ಬಾಗಿಲತ್ತ ಹೋಗುತ್ತದೆ.

ನೀನು ಹೆಣೆದು ಕಳಿಸಿದ್ದ ಹಳೆಯ ಕುಲಾವಿ ಅವಳ ಜೊತೆಗೇ ಮಣ್ಣಿಗೆ ಹೋಯಿತು. ದೊಡ್ಡದು ಬೇಡಮ್ಮಾ, ಹೋದ ವರ್ಷದ ಅಳತೆಯೇ ಸಾಕು.

ನಿನ್ನ ಮಗಳು,
ಹೆಲೇನಾ