ಬಸ್ಸಿನಲ್ಲಿ ಅವ್ವನ ಅಳು

ಯಲ್ಲದಕೆರೆ ಹಟ್ಟಿ, ಹಿರಿಯೂರು ತಾಲೂಕು
೧೯-೨-೨೦೦೯, ಗುರುವಾರ

ಪ್ರೀತಿಯ ಚಂದ್ರಣ್ಣನಿಗೆ,

ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಒತ್ತು ದೀರ್ಘ ಎಲ್ಲೆಲ್ಲಿ ನುಂಗಿದ್ದೇನೋ ಗೊತ್ತಿಲ್ಲ. ತಪ್ಪಿದ್ದಲ್ಲಿ ನೀನೇ ಸರಿಮಾಡಿಕೊಂಡು ಓದು. ನಿನ್ನ ಕಿವಿ ಈಗ ಹೇಗಿದೆ? ಬೋರ್ ಮಿಷಿನ್ನಿನ ಸದ್ದಿಗೆ ಮಲಗಿದಾಗಲೂ ಗುಂಯ್ ಅನ್ನುತ್ತದೆ ಎಂದಿದ್ದೆ. ಹತ್ತಿ ಇಟ್ಟುಕೊಳ್ಳುತ್ತೀಯೋ ಇಲ್ಲವೋ? ಕಲ್ಲುಪುಡಿ ಗಂಟಲಿಗೆ ಹೋಗದಂತೆ ಟವೆಲು ಕಟ್ಟಿಕೋ ಎಂದು ಅವ್ವ ಹೇಳುತ್ತಿದ್ದಾಳೆ. ಅವಳು ಪಕ್ಕದಲ್ಲೇ ಕುಳಿತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಾಳೆ. ಬರೆದು ಮುಗಿಸಿದ ಮೇಲೆ ಪೂರ್ತಿ ಓದಿ ಹೇಳಬೇಕಂತೆ. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಆಡಿದ ಮಾತು ಎಲ್ಲಿ ಉಳಿಯುತ್ತದೆ, ಯಾರ ಕೈಗೆ ಹೋಗುತ್ತದೆ ಎಂದು ನನಗೆ ಈಗ ಭಯ. ಕಾಗದವಾದರೆ ಓದಿ ಒಲೆಗೆ ಹಾಕಬಹುದು. ಅದಕ್ಕೇ ಕಲ್ಯಾಣದುರ್ಗದ ನಿಮ್ಮ ಏಜೆಂಟರ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿಮ್ಮ ಲಾರಿ ಎಲ್ಲೇ ಇದ್ದರೂ ತಲುಪಿಸುತ್ತಾರೆ ಎಂದು ನೀನೇ ಹೇಳಿದ್ದೆ.

ದೊಡ್ಡಮ್ಮ ತೀರಿಕೊಂಡ ಸುದ್ದಿ ನಿನಗೆ ಗೊತ್ತಾಗಿದೆ. ಸಂಕ್ರಾಂತಿ ಕಳೆದ ಮರುವಾರ. ಜುಂಜಮ್ಮ ದೊಡ್ಡಮ್ಮ ನಿನ್ನನ್ನು ಎಷ್ಟು ಎತ್ತಿ ಆಡಿಸಿದ್ದಳು ಎಂಬುದನ್ನು ನಾನು ಬರೆಯಬೇಕಾಗಿಲ್ಲ. ನಾನು ಹುಟ್ಟಿದಾಗ ಬಾಣಂತಿ ಅವ್ವನಿಗೆ ಎಣ್ಣೆ ನೀರು ಹಾಕಿದವಳೂ ಅವಳೇ. ಆದರೆ ಅವತ್ತು ಏನಾಯಿತು ಎಂಬುದು ನಿನಗೆ ಗೊತ್ತಿಲ್ಲ. ಅದನ್ನು ಹೇಳಬೇಕಾದರೆ ಅಪ್ಪ ಸತ್ತ ದಿನದಿಂದ ಹೇಳಬೇಕು.

ಸುತ್ತ ಯಾವ ಹಟ್ಟಿಯಲ್ಲಿ ಸಾವಾದರೂ ಮೊದಲು ನಮ್ಮ ಮನೆಗೆ ಬರುತ್ತಿದ್ದರು, 'ಕಾಟಮ್ಮ, ಬಾರವ್ವ' ಎಂದು. ಅವ್ವ ಹೆಣದ ತಲೆಯ ಕಡೆ ಕುಳಿತು ಹಾಡಿ ಅಳಲು ಶುರುಮಾಡಿದರೆ ಕಲ್ಲಿನಂತೆ ನಿಂತ ಗಂಡಸರೂ ಮುಖ ತಿರುಗಿಸಿಕೊಳ್ಳುತ್ತಿದ್ದರು. ಸತ್ತವರು ನೆಟ್ಟ ಬೇವಿನಮರ, ತಿರುಗಿದ ಊರು, ಕೊಟ್ಟ ಕಷ್ಟ, ಎಲ್ಲ ಅದರಲ್ಲಿ ಬರುತ್ತಿತ್ತು. ಹತ್ತು ಜನರ ಮುಂದೆ ನನ್ನ ಹೆಸರು ಹೇಳಲೂ ನಾಚುವವಳು ನಾನು. ಆದರೂ ಅವ್ವನ ಹಿಂದೆ ಕುಳಿತು ಅವಳ ಸಾಲಿನ ಕೊನೆಯ ಎಳೆ ಹಿಡಿದು ದನಿಗೂಡಿಸುವಾಗ ಮಾತ್ರ ನನ್ನ ಗಂಟಲು ಬಿಡುತ್ತಿತ್ತು. ಅಲ್ಲಿ ಬೈಗುಳವೂ ಇರುತ್ತದೆ. ಬದುಕಿದ್ದಾಗ ಯಾರು ಏನು ಮಾಡಿದರು, ಯಾರು ಮಾಡಲಿಲ್ಲ ಎಂದು ಹೆಸರು ಹಿಡಿದೇ ಅಳುತ್ತಾರೆ. ಕೇಳಿಸಿಕೊಂಡವರು ತಿರುಗಿ ಮಾತಾಡುವಂತಿಲ್ಲ. ಮಣ್ಣು ಕೊಟ್ಟು ಕೈಕಾಲು ತೊಳೆದುಕೊಂಡು ಬಂದ ಮೇಲೆ ಆ ಮಾತನ್ನು ಯಾರೂ ಎತ್ತುವಂತೆಯೂ ಇಲ್ಲ. ಅದು ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಹಾಗೆಯೇ ನಡೆದುಕೊಂಡು ಬಂದಿದೆ, ನಿನಗೂ ಗೊತ್ತು.

ಅಪ್ಪ ಸತ್ತಾಗ ನೀನು ದೂರದಲ್ಲಿ ಬೋರ್ ಕೊರೆಯುವ ಪಾಯಿಂಟಿನಲ್ಲಿ ಸಿಕ್ಕಿಕೊಂಡಿದ್ದೆ. ಮಣ್ಣಿಗೂ ಬರಲಾಗಲಿಲ್ಲ. ಎತ್ತಪ್ಪನಿಗೆ ಫೋನ್ ಮಾಡಿ, 'ಅವ್ವ ಏನಂತ ಅಳ್ತಾಳೆ, ನಂಗೂ ಕೇಳ್ಸೋ ಮಾರಾಯ' ಎಂದೆ. ಅವನು ಫೋನನ್ನು ಎತ್ತಿ ಹಿಡಿದ. ಅದು ಕಟ್ಟಾಗುತ್ತಲೇ ಇತ್ತು. ಆಮೇಲೆ ಅದರಲ್ಲೇ ರೆಕಾರ್ಡ್ ಮಾಡಿ, ನೀನು ಮೂರನೇ ದಿನಕ್ಕೆ ಬಂದಾಗ ನಿನ್ನ ಮೊಬೈಲಿಗೆ ಕಳಿಸಿಕೊಟ್ಟ. ಮಾವನ ಮಗ, ನಮ್ಮ ಮನೆಯವನೇ ಎಂದು ಯಾರೂ ಬೇಡ ಅನ್ನಲಿಲ್ಲ. ಮಗ ಕೇಳಲಿ ಎಂದು ಮಾಡಿದ್ದಲ್ಲವೇ, ಅವ್ವನೂ ಸುಮ್ಮನಿದ್ದಳು.

ಅವತ್ತು ಅವ್ವ ದೊಡ್ಡಪ್ಪನನ್ನೂ ಬಿಡಲಿಲ್ಲ. ಅಪ್ಪನಿಗೆ ಎದೆನೋವು ಬಂದಾಗ ಹಿರಿಯೂರಿಗೆ ಒಯ್ಯಲು ಲಗೇಜ್ ಆಟೋ ಕೇಳಿದರೆ ದೊಡ್ಡಪ್ಪ ಟೈರಿಗೆ ಗಾಳಿ ಇಲ್ಲ ಎಂದಿದ್ದ. ಅವ್ವ ಅದನ್ನೇ ಹಿಡಿದು ಅತ್ತಳು.

'ಒಡಹುಟ್ಟಿದ ಅಣ್ಣನ ಗಾಡಿ ಬಾಗಲಾಗೆ ನಿಂತಿತ್ತಲ್ಲೋ ನನ್ನ ದೊರೆ,
ಗಾಡಿಗೆ ಗಾಳಿಲ್ಲ ಅಂದನಲ್ಲೋ, ನಿನ್ನ ಎದಿಯಾಗಿನ ಗಾಳಿ ಹೋತಲ್ಲೋ'

ಇಷ್ಟು ಕೇಳಿದ್ದೇ ದೊಡ್ಡಪ್ಪ ಜನರ ನಡುವಿನಿಂದ ಬಂದು ಅಪ್ಪನ ಕಾಲ ಮೇಲೆ ಬಿದ್ದ. 'ಅಂದೆ ಕಣವ್ವ, ಅಂದೆ. ನನ್ ಬಾಯಿಗೆ ಮಣ್ಣು ಹಾಕ್ರಿ' ಎಂದು ಗೋಳಾಡಿದ. ಮೂರನೇ ದಿನ ನಮ್ಮ ಮನೆಯಲ್ಲೇ ಉಂಡ. ಅವ್ವನೇ ಬಡಿಸಿದಳು, ಇನ್ನೊಂದು ಮುದ್ದೆ ಇಕ್ಕಿದಳು. ಅಲ್ಲಿಗೆ ತೀರಿತು ಎಂದುಕೊಂಡೆವು.

ಗೌರಿಹಬ್ಬದ ಹೊತ್ತಿಗೆ ಆ ರೆಕಾರ್ಡು ಹಿರಿಯೂರಿನಿಂದ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಯೊಂದಿದೆ. ಅವನು ಕಂಪ್ಯೂಟರಿನಲ್ಲಿ ಅವ್ವನ ಅಳುವಿಗೆ ತಮಟೆ ಕೂಡಿಸಿ, ನಡುನಡುವೆ ಯಾರೋ ನಗುವ ಸದ್ದು ಸೇರಿಸಿ, ಕಾಮಿಡಿ ಎಂದು ಎಲ್ಲರಿಗೂ ತುಂಬಿಕೊಟ್ಟಿದ್ದ. ಹುಡುಗರು ಒಬ್ಬರಿಂದೊಬ್ಬರು ಹಾಕಿಸಿಕೊಂಡರು, ಬಸ್ಸಿನಲ್ಲೂ ಜೋರಾಗಿ ಹಾಕಿ ಕೇಳಿದರು. 'ಗಾಡಿಗೆ ಗಾಳಿಲ್ಲ ಅಂದನಲ್ಲೋ' ಎಂಬುದಷ್ಟನ್ನೇ ಕತ್ತರಿಸಿ ರಿಂಗ್‌ಟೋನ್ ಮಾಡಿಕೊಂಡವರೂ ಇದ್ದರು. ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ಕೂಡ ಹಮಾಲರು ಅದನ್ನು ಹಾಕಿಕೊಂಡು ನಗುತ್ತಾರೆ ಎಂದು ನಮ್ಮ ಹಟ್ಟಿಯವರು ಬಂದು ಹೇಳಿದರು. ನಕ್ಕವರಿಗೆ ಅದು ಯಾರ ಅಳು, ಯಾರ ಹೆಣ ಎಂಬುದೇ ಗೊತ್ತಿಲ್ಲ. ಗೊತ್ತಿದ್ದವರೂ ನಕ್ಕರು ಅಣ್ಣ. ಅವ್ವ ಅತ್ತಾಗ ಹಿಂದೆ ಕುಳಿತು ಸೆರಗಿನಲ್ಲಿ ಮೂಗು ಒರೆಸಿಕೊಂಡಿದ್ದ ಹೆಂಗಸರೇ, ತಮಟೆ ಕೂಡಿದ್ದನ್ನು ಕೇಳಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು.

ದೊಡ್ಡಪ್ಪ ಟೀ ಅಂಗಡಿಗೆ ಹೋದರೆ, 'ಹನುಮಂತಣ್ಣ, ಇವತ್ತು ಗಾಡಿಗೆ ಗಾಳಿ ಐತಾ?' ಎಂದು ಕೇಳತೊಡಗಿದರು. ಬಾಡಿಗೆ ಮಾತಾಡಲು ಬಂದವರೂ ಅದನ್ನೇ ಅಂದರು. ಒಂದು ದಿನ ಯಾರೋ ಅವನ ಆಟೋದ ಹಿಂದೆ ಸೀಮೆಸುಣ್ಣದಲ್ಲಿ ಬರೆದೂ ಬಿಟ್ಟಿದ್ದರು. ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, 'ಹೆಣದ ಮುಂದೆ ನೂರು ಬೈಯವ್ವ, ತಲೆ ಬಗ್ಗಿಸ್ತೀನಿ. ದಿನಾ ಬೈಸ್ಕಣಾಕೆ ನಾನೇನ್ ಸತ್ತಿದೀನಾ?' ಎಂದ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಅವ್ವನ ಮಾನವಾದರೂ ಉಳಿಯಿತೇ? ಅಪ್ಪ ಅವಳ ಕಿವಿಯ ಓಲೆ ಮಾರಿ ಕುಡಿದದ್ದೂ ಆ ಅಳುವಿನಲ್ಲೇ ಇದೆ. ಅದನ್ನು ಅವಳು ಅಪ್ಪನ ಕಿವಿಗೆ ಹೇಳಿದ್ದೇ ಹೊರತು ಹಿರಿಯೂರಿಗಲ್ಲ.

ಎಲ್ಲರೂ ಎತ್ತಪ್ಪನನ್ನೇ ಹಿಡಿದರು. ಆ ಅಂಗಡಿಗೆ ಹಾಡು ತುಂಬಿಸಲು ಅವನು ಹೋಗಿದ್ದು ನಿಜ. ನಾನು ಕೊಟ್ಟಿಲ್ಲ ಅತ್ತೆ ಎಂದು ದೇವರ ಗುಡಿಯ ಮೆಟ್ಟಿಲು ಮುಟ್ಟಿ ಹೇಳಿದ. ಅವ್ವ ನಂಬಲಿಲ್ಲ. 'ನನ್ ಅಳೂನೇ ಮಾರ್ಕಂಡ' ಎಂದಳು. ನಿನ್ನ ಮೊಬೈಲಿನಲ್ಲೂ ಒಂದು ಇದೆಯಲ್ಲ ಎಂದು ಮಾವ ಅಂದಾಗ, 'ನನ್ ಮಗನ ಹತ್ರ ಇದ್ರೆ ನನ್ ಹೊಟ್ಟೆಯಾಗೆ ಇದ್ದಂಗೆ' ಎಂದು ಅವನ ಬಾಯಿ ಮುಚ್ಚಿಸಿದಳು. ಮಾವನ ಮನೆಯಿಂದ ಬಂದಿದ್ದ ಎಲೆ ಅಡಿಕೆಯನ್ನು ವಾಪಸು ಕಳಿಸಿದಳು. ನನ್ನನ್ನು ಎತ್ತಪ್ಪನಿಗೆ ಕೊಡುವ ಮಾತು ಅಲ್ಲಿಗೆ ಮುರಿಯಿತು. ಈಗ ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿದೆ. ಶಿವರಾತ್ರಿ ಕಳೆದು ಬರುವ ಸೋಮವಾರ ನೋಡಲು ಬರುತ್ತಾರೆ. ಹುಡುಗನಿಗೆ ತೆಂಗಿನಕಾಯಿ ವ್ಯಾಪಾರವಂತೆ, ಒಳ್ಳೆಯ ಮನೆಯಂತೆ. ಇದನ್ನು ಅವ್ವ ಬರೆ ಎಂದಳು, ಬರೆದಿದ್ದೇನೆ.

ಇನ್ನು ದೊಡ್ಡಮ್ಮನ ಸಾವು. ಮಾತಿಲ್ಲದಿದ್ದರೂ ಅವ್ವ ಹೋದಳು. ಹೆಣದ ತಲೆಯ ಕಡೆ ಅವಳಿಗೆ ಜಾಗ ಬಿಟ್ಟಿದ್ದರು. ನಾನು ಹಿಂದೆ ಕುಳಿತೆ. ಅವ್ವ ದೊಡ್ಡಮ್ಮನ ಕೆನ್ನೆ ಸವರಿದಳು, ಬಾಯಿ ತೆರೆದಳು, ಆಮೇಲೆ ತಲೆಯೆತ್ತಿ ಸುತ್ತ ನಿಂತವರ ಅಂಗಿಯ ಜೇಬುಗಳನ್ನು ಒಂದೊಂದಾಗಿ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡು ಹಾಗೇ ಕುಳಿತುಬಿಟ್ಟಳು. 'ಬಾಯಿ ಬಿಡು ಕಾಟಮ್ಮ, ಹೊತ್ತೇರ್ತಾ ಐತೆ' ಎಂದು ಹೆಂಗಸರು ಅಂದರು. ಕೊನೆಗೆ ದೊಡ್ಡಪ್ಪನೇ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. 'ಅವಳು ನಿನ್ ಅಳೂನ ಕೇಳ್ದೆ ಹೋಗಬಾರ್ದು. ನನ್ನೇ ಬೈಯವ್ವ. ಬೈದಾದ್ರೂ ಅಳು' ಎಂದ. ಅವ್ವ ಅವನ ಮುಖ ನೋಡಿ ಕೇಳಿದಳು: 'ಯಾವ ಬಸ್ಸಿನಾಗೆ ಕೇಳ್ತೀರಿ ಬಾವ?'

ಬಿಕ್ಕಿದವರು ಬಿಕ್ಕಿದರು, ಹಾಡಿ ಅತ್ತವರು ಒಬ್ಬರೂ ಇಲ್ಲ. ಸಾವಿನ ಮನೆ ಸುಮ್ಮನಿರಬಾರದೆಂದು ಯಾರೋ ಮೊಬೈಲಿನಲ್ಲಿ ದೇವರ ಹಾಡು ಹಾಕಿ ಹೆಣದ ಪಕ್ಕ ಇಟ್ಟರು. ನಡುವೆ ಅದಕ್ಕೆ ಫೋನು ಬಂತು. ಹಾಡು ನಿಂತಿತು. 'ಹಲೋ, ಸಾವಿನ ಮನೆಯಾಗಿದೀನಿ ಕಣಪ್ಪ, ಆಮೇಲ್ ಮಾಡು' ಎಂದು ಹೇಳಿ ಮತ್ತೆ ಹಾಕಿದರು. ದೊಡ್ಡಮ್ಮ ಹಾಗೆ ಹೋದಳು. ಮಾರನೇ ದಿನ ಕಡಲೆ ಕೀಳುವಾಗ ನೋಡುತ್ತೇನೆ, ಅವ್ವನ ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ. ನಾನು ಪಕ್ಕದ ಸಾಲಿಗೆ ಹೋದೆ, ಕೊನೆಯ ಎಳೆ ಹಿಡಿಯೋಣ ಎಂದು. ಅವ್ವ ನಿಲ್ಲಿಸಿಬಿಟ್ಟಳು. ನನ್ನ ಹತ್ತಿರ ಮೊಬೈಲಿಲ್ಲ, ಅವಳಿಗೆ ಗೊತ್ತು. ಆದರೂ ನಿಲ್ಲಿಸಿದಳು.

ಹೋದ ಮಂಗಳವಾರ ನಾನು ಹಿರಿಯೂರಿನಿಂದ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನವನು ಅದನ್ನು ಹಾಕಿದ್ದ. ಅವನದರಲ್ಲಿ ತಮಟೆ ಇರಲಿಲ್ಲ, ಪೂರ್ತಿ ಇತ್ತು. ಅಪ್ಪ ಸತ್ತ ಮೇಲೆ ಮೊದಲ ಸಲ ಅವ್ವನ ದನಿಯನ್ನು ಪೂರ್ತಿ ಕೇಳಿದೆ, ಅದೂ ಬಸ್ಸಿನಲ್ಲಿ, ಟಿಕೆಟ್ ಟಿಕೆಟ್ ಎನ್ನುವ ಕೂಗಿನ ನಡುವೆ.

ಯುಗಾದಿಗೆ ಮುಂಚೆ ಅಪ್ಪನ ವರ್ಷದ ಎಡೆ ಇಡಬೇಕು. ಈ ಸಲವಾದರೂ ಬಾ. ಬರುವಾಗ ಆ ಮೊಬೈಲು ತರಬೇಡ ಎಂದು ಅವ್ವ ಹೇಳುತ್ತಾಳೆ. ನಿನ್ನ ಮುಂದೆ, ಮನೆಯೊಳಗೆ, ಬಾಗಿಲು ಹಾಕಿಕೊಂಡು ಒಂದು ಸಲ ಅಳುತ್ತಾಳಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ಮಿಷಿನ್ನಿನ ಹತ್ತಿರ ಜೋಪಾನ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ ಎಂದು ಅವ್ವ ಹರಸುತ್ತಾಳೆ.

ನಿನ್ನ ತಂಗಿ
ಅನುಪಮಾ

ಮರೆತಿದ್ದು: ಮೇಲಿನದನ್ನೆಲ್ಲ ನಿನ್ನೆ ಅವ್ವನಿಗೆ ಓದಿ ಹೇಳಿದ್ದೇನೆ. ಇದನ್ನು ಓದುವುದಿಲ್ಲ. ಪೋಸ್ಟಿನವರು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಬಸ್ಸಿನವನ ಮೊಬೈಲಿನಲ್ಲಿ ಅವ್ವನ ಅಳು ಮುಗಿದ ಮೇಲೂ ಅದು ನಿಲ್ಲಲಿಲ್ಲ. ಬೋರ್ ಮಿಷಿನ್ನಿನ ಗಡಗಡ ಸದ್ದು ಬಂತು, ಗಂಡಸರ ನಗು ಬಂತು, ಆಮೇಲೆ ನಿನ್ನ ದನಿ. 'ನಮ್ಮವ್ವ ಕಣ್ರಲೇ, ತಡೀರಿ, ಇನ್ನೊಂದ್ಸಲ ಹಾಕ್ತೀನಿ.' ನಾನು ಹೊಸಬರನ್ನು ಮಾತಾಡಿಸುವವಳಲ್ಲ, ಅವತ್ತು ಮಾತಾಡಿಸಿದೆ. ಅವನೂ ಬೋರ್ ಕೆಲಸದಲ್ಲಿದ್ದವನಂತೆ. ನೀನು ಹಾಕಿದಾಗ ಪಕ್ಕದಲ್ಲಿ ಕುಳಿತು ತನ್ನದರಲ್ಲಿ ಹಿಡಿದುಕೊಂಡನಂತೆ. ಊರಿಗೆ ಬಂದು ಹಿರಿಯೂರಿನ ಅಂಗಡಿಗೆ ಕೊಟ್ಟವನೂ ಅವನೇ. ಬದಲಿಗೆ ಒಂದು ಕಾರ್ಡಿನ ತುಂಬ ಹಾಡು ಪುಕ್ಕಟೆ ತುಂಬಿಕೊಟ್ಟರಂತೆ. ಇನ್ನೊಂದು ಸಲ ಹಾಕಿ ಎಂದು ಕೇಳಿ, ಊರು ಬರುವವರೆಗೂ ಅದನ್ನೇ ಕೇಳಿದೆ. ಕೊನೆಯಲ್ಲಿ ನೀನು ನಗುತ್ತಿದ್ದೀಯೋ ಅಳುತ್ತಿದ್ದೀಯೋ ನನಗೆ ತಿಳಿಯಲಿಲ್ಲ.

ನಾನು ಅವ್ವನಿಗೆ ಹೇಳುವುದಿಲ್ಲ. ಹೇಳಿದರೆ ಅವಳಿಗೆ ಉಳಿದಿರುವುದು ಒಂದೇ ನಂಬಿಕೆ, ಅದೂ ಹೋಗುತ್ತದೆ. ನೀನೇ ಬಂದು, ಅವ್ವ, ದೊಡ್ಡಪ್ಪ, ಎತ್ತಪ್ಪ ಮೂವರ ಮುಂದೆ ನಿನ್ನ ಬಾಯಿಂದಲೇ ಹೇಳು. ಎಡೆಯ ತನಕ ಕಾಯಬೇಡ. ಹೊಸದುರ್ಗದವರು ಬರುವ ಸೋಮವಾರಕ್ಕೆ ಮುಂಚೆ ಬಾ.

ಇವತ್ತು ಬೆಳಿಗ್ಗೆ ಎತ್ತಪ್ಪ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ನೀರಿಗೆ ಬಂದಿದ್ದ. ಅಳು ಮಾರಿದವನೆಂದು ಯಾರೂ ಅವನಿಗೆ ಜಾಗ ಕೊಡುವುದಿಲ್ಲ, ಎಲ್ಲರದೂ ಮುಗಿಯುವವರೆಗೆ ದೂರ ನಿಂತಿರುತ್ತಾನೆ. ನನ್ನ ಸರದಿ ಬಂದಾಗ ನನ್ನ ಕೊಡ ತೆಗೆದು ಅವನ ಕೊಡವನ್ನು ನಲ್ಲಿಗೆ ಇಟ್ಟೆ. ತುಂಬುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಹೆಂಗಸರೆಲ್ಲ ನೋಡಿದರು.