ಎರಡೇ ಸೀಟಿನ ಕೆಂಪು ಗಾಡಿ

ಮಾರ್ಚ್ 9, ಭಾನುವಾರ

ನನ್ನ ಚಿನಕುರಳಿಗೆ ಅಕ್ಕನ ತುಂಬು ಪ್ರೀತಿ.

ಇಷ್ಟು ದಿನ ಒಂದು ಸಾಲೂ ಬರೆಯದೆ ಕೂತಿದ್ದೆ. ಬೈದುಕೋ, ಆದರೆ ಬೈಯುತ್ತಲೇ ಮುಂದೆ ಓದು. ನನ್ನ ಕಾಲು ಈಗ ನೆಲದ ಮೇಲಿಲ್ಲ. ಕಾರು ಕೊಂಡಿದ್ದೇನೆ ಕಣೇ! ಎಲ್ಲರೂ ಕೊಳ್ಳುವಂಥದ್ದಲ್ಲ, ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚಿಡುವ ಬಟ್ಟೆಯ ಚಾವಣಿ, ಬಣ್ಣ ಕೆಂಪು.

ಬಸ್ಸಿನ ಕೆಲಸ ನಿಂತ ಮೇಲೆ ಮನೆಯಲ್ಲಿ ಕೂತು ಕೂತು ಮೈ ಜಡವಾಗಿತ್ತು. ಅರ್ಧ ಆಯಸ್ಸು ಸಿಟಿ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ತೋಳುಗಳು ನಲ್ಲಿ ತಿರುಗಿಸಿಕೊಂಡು ಸುಮ್ಮನಿರುತ್ತವೆಯೇ? ಒಂದು ದಿನ ನಿಮ್ಮ ಭಾವನ ಮುಂದೆ ಬಾಯಿಬಿಟ್ಟೆ.

"ಬಸ್ ತುಂಬಾ ಜನರನ್ನ ಹೊತ್ತು ಓಡಿಸಿದೋಳಿಗೆ ಎರಡು ಸೀಟಿನ ಗಾಡಿ ಯಾಕೆ?" ಎಂದರು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

"ಅದಕ್ಕೇರೀ! ಯಾರೂ ಗಂಟೆ ಹೊಡೀಬಾರದು, ಯಾರೂ ಚಿಲ್ಲರೆಗೆ ಜಗಳ ಆಡಬಾರದು."

"ಎರಡನೇ ಸೀಟಿನಲ್ಲಿ ಕೂರೋನು ನಾನು ತಾನೇ? ನನ್ನ ಮೊಣಕಾಲು ಎಲ್ಲಿ ಇಡ್ಲಿ?" ಎಂದು ಗೊಣಗಿದರು. ಗೊಣಗುತ್ತಲೇ ಅಳತೆಯ ಟೇಪು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ನಿನಗೆ ಗೊತ್ತಲ್ಲ, ದರ್ಜಿಗೆ ಅಳತೆ ಮಾಡಲು ಏನಾದರೂ ಸಿಕ್ಕರೆ ಸಾಕು.

ಮೊದಲು ನೋಡಿದ್ದು ಒಬ್ಬ ಹಲ್ಲಿನ ಡಾಕ್ಟರ ಹೋಂಡಾ ಎಸ್ 2000. ಆ ಮನೆಯಲ್ಲಿ ಅದು ಕಾರಲ್ಲ, ಹೊಸ ಅಳಿಯ. ಮೈಮೇಲೆ ಮೆತ್ತನೆಯ ಹೊದಿಕೆ, ಗಾಲಿಯ ಕೆಳಗೆ ಕಂಬಳಿ! ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ. ಗೇರು ಮಣಿಕಟ್ಟು ಅಲುಗಿಸಿದರೆ ಸಾಕು, ಬೀಳುತ್ತದೆ. ನಾನು ಬಸ್ಸಿನ ಅಭ್ಯಾಸಬಲದಿಂದ ಬೇಗ ಬೇಗ ಗೇರು ಬದಲಿಸಿದೆ.

"ಅಷ್ಟು ಬೇಗ ಬೇಡ ಮೇಡಂ! ಅದಿನ್ನೂ ನಿದ್ದೆಗಣ್ಣಲ್ಲಿದೆ. ಆಕ್ಸಿಲರೇಟರ್ ಒತ್ತಿ, ಇನ್ನೂ ಒತ್ತಿ!" ಎಂದು ಡಾಕ್ಟರು ಕೂಗಿದರು.

ಒತ್ತಿದೆ. ಎಂಜಿನ್ನಿನ ವೇಗ ತೋರಿಸುವ ಎದುರಿನ ಬೆಳಕಿನ ಪಟ್ಟಿ ಏರುತ್ತಾ ಏರುತ್ತಾ ಒಂದು ಹಂತ ದಾಟಿದ್ದೇ ತಡ, ಒಳಗೆ ಇನ್ನೊಂದು ಎಂಜಿನ್ ಎದ್ದು ಕೂತಂತಾಯಿತು. ಬೆನ್ನು ಸೀಟಿಗೆ ಅಂಟಿತು. ದಿನವಿಡೀ ಬೇರೆಯವರ ಹಲ್ಲು ಕೀಳುವವರು ತಾವೇ ಹಲ್ಲು ಕಚ್ಚಿಕೊಂಡಿದ್ದರು! ಆದರೆ ಅದರ ಸುಖ ಸಿಗಬೇಕಾದರೆ ಓಡಲೇಬೇಕು ಕಣೇ. ನಮ್ಮ ಬೀದಿಗಳಲ್ಲಿ ನಿಧಾನವಾಗಿ ಹೊರಟರೆ ಅದು ಬೇಸರದಿಂದ ಮುಖ ತಿರುಗಿಸುತ್ತದೆ. ಸಾಲದ್ದಕ್ಕೆ ಡಾಕ್ಟರು, "ಮೋಡ ಕಂಡ್ರೆ ನಾನು ಹೊರಗೇ ತೆಗೆಯಲ್ಲ" ಎಂದರು. ದಾರಿಯಲ್ಲಿ ಭಾವ, "ಅದನ್ನ ಕೊಂಡ್ರೆ ನಾವು ಅದನ್ನ ಓಡಿಸಲ್ಲ, ಅದೇ ನಮ್ಮನ್ನ ಓಡಿಸುತ್ತೆ" ಎಂದರು. ಸರಿ ಅನಿಸಿತು.

ಎರಡನೆಯದು ಬಿಳಿ ಟೊಯೋಟಾ ಎಂಆರ್2. ಬೇಕರಿ ನಡೆಸುವ ಹುಡುಗಿಯದು. ತುಂಬಿದ ಬಸುರಿ, ಮಗುವಿಗೆ ಸೀಟಿಲ್ಲವೆಂದು ಮಾರಲು ಇಟ್ಟಿದ್ದಳು. ಎಂಜಿನ್ ಬೆನ್ನ ಹಿಂದೆ. ನನಗೆ ತವರಿಗೆ ಬಂದಂತಾಯಿತು, ನನ್ನ ಬಸ್ಸಿನ ಎಂಜಿನ್ನೂ ಹಿಂದೆಯೇ ಅಲ್ಲವೇ! ಮೂತಿ ಹಗುರ. ತಿರುಗಬೇಕೆಂದು ಮನಸ್ಸಿಗೆ ಬರುವಷ್ಟರಲ್ಲಿ ತಿರುಗಿರುತ್ತದೆ.

"ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿಂದ ಕಾಲು ತೆಗೀಬೇಡಿ ಆಂಟಿ, ಹಿಂಭಾಗ ಮುನಿಸ್ಕೊಂಡು ಮುಂದೆ ಬರೋಕೆ ನೋಡುತ್ತೆ" ಎಂದಿದ್ದಳು. ಬೇಡ ಎಂದದ್ದನ್ನು ಮಾಡದಿದ್ದರೆ ನಾನು ನಿನ್ನ ಅಕ್ಕನೇ? ಖಾಲಿ ಮೈದಾನದಲ್ಲಿ, ಒಂದೇ ಒಂದು ಸಲ. ಹಿಂಭಾಗ ಬಾಗಿಲಿನಂತೆ ಬೀಸಿತು. ಹಿಡಿದು ನಿಲ್ಲಿಸಿದೆನೇನೋ ನಿಜ, ಪಕ್ಕದಲ್ಲಿ ಕೂತಿದ್ದ ಭಾವನ ಮುಖದಲ್ಲಿ ರಕ್ತವಿರಲಿಲ್ಲ. ರಿಪೇರಿಗೆ ಎಂಜಿನ್ ಹತ್ತಿರ ಕೈ ತೂರಿಸಲೂ ಜಾಗವಿಲ್ಲವಂತೆ.

ಮರಳಿ ಬಂದಾಗ ಹುಡುಗಿ ಕಾರಿನ ಬೆನ್ನು ಸವರುತ್ತಾ ನಿಂತಳು. "ಮಾರೋಕೆ ಮನಸ್ಸಿಲ್ಲ ಅಲ್ವೇನಮ್ಮ?" ಎಂದೆ. ಅತ್ತೇಬಿಟ್ಟಳು. "ಹಾಗಾದ್ರೆ ಮಾರ್ಬೇಡ. ಮಗು ಬೆಳೆಯುತ್ತೆ, ಗಾಡಿ ಕಾಯುತ್ತೆ" ಎಂದು ಕೀಲಿಕೈ ಅವಳ ಅಂಗೈಗೇ ಇಟ್ಟು ಬಂದೆ. "ಕೊಳ್ಳೋಕೆ ಹೋಗಿ ಮಾರ್ಬೇಡ ಅಂತ ಬುದ್ಧಿ ಹೇಳಿ ಬರೋಳು ಲೋಕದಲ್ಲಿ ನೀನೊಬ್ಬಳೇ" ಎಂದು ಭಾವ ಮನೆ ಮುಟ್ಟುವವರೆಗೂ ನಕ್ಕರು.

ಮೂರನೆಯದೇ ನಮ್ಮದು, ಮಜ್ದಾ ಮಿಯಾಟಾ. ಹೂವಿನ ಅಂಗಡಿಯಾಕೆ ದಿನವೂ ಓಡಿಸುತ್ತಿದ್ದಳು. ಕಾಲ ಬುಡದಲ್ಲಿ ಎಸಳು, ಸೀಟಿನಲ್ಲಿ ಮಣ್ಣು. ಬಾಗಿಲ ಕೆಳಗೆ ಒಂದಿಷ್ಟು ತುಕ್ಕು, ಚಾವಣಿಯ ಮೂಲೆಯಲ್ಲಿ ಹರಕು. "ಮಳೇಲಿ ನೆನೆಯುತ್ತೆ, ಬಿಸಿಲಲ್ಲಿ ಒಣಗುತ್ತೆ, ಬೆಳಗ್ಗೆ ಎಬ್ಬಿಸಿದ್ರೆ ಏಳುತ್ತೆ. ಬಿಡಿಭಾಗ ಎಲ್ಲಿ ಕೇಳಿದ್ರೂ ಸಿಗುತ್ತೆ" ಎಂದಳು. ಶಕ್ತಿ ಅಷ್ಟಕ್ಕಷ್ಟೇ. ಹೋಂಡಾದ ಮುಂದೆ ಇದು ಪಾಪದ ಪ್ರಾಣಿ. ಆದರೆ ಚಿನಕುರಳಿ, ಸೈಕಲ್ಲಿನವರು ಹಿಂದೆ ಹಾಕುವ ವೇಗದಲ್ಲೂ ಇದು ಕುಣಿಯುತ್ತದೆ! ರಸ್ತೆಯ ಸುದ್ದಿಯೆಲ್ಲ ಅಂಗೈಗೆ ಬರುತ್ತದೆ. ಇಲ್ಲಿ ಹೊಸ ಡಾಂಬರು, ಇಲ್ಲಿ ತೇಪೆ, ಇಲ್ಲಿ ಮರಳು. ಗಾಲಿ ಜಾರುವ ಮೊದಲೇ ಸೊಂಟಕ್ಕೆ ತಿಳಿಯುತ್ತದೆ. ಸೇತುವೆಯ ಪಕ್ಕದ ತಿರುವಿನಲ್ಲಿ ಜೋರಾಗಿ ನಕ್ಕುಬಿಟ್ಟೆ. "ಎಲ್ರೂ ಇಲ್ಲೇ ನಗೋದು" ಎಂದಳು ಆಕೆ. ಭಾವ ಡಿಕ್ಕಿಗೆ ಟೇಪು ಹಿಡಿದು, "ಎರಡು ಕೈಚೀಲ, ಒಂದು ಛತ್ರಿ. ನಮಗೆ ಧಾರಾಳ" ಎಂದು ತೀರ್ಪು ಕೊಟ್ಟರು.

ಮನೆಗೆ ತರುವಾಗ ಸಂಜೆ. ಇದರ ದೀಪಗಳು ಮುಚ್ಚಳದಂತೆ ಒಳಗಿರುತ್ತವೆ, ಬೇಕಾದಾಗ ಎದ್ದು ನಿಲ್ಲುತ್ತವೆ. ಒಂದು ಎದ್ದಿತು, ಇನ್ನೊಂದು ವಯಸ್ಸಾಯಿತೆಂದು ಮಲಗಿಯೇ ಇತ್ತು. ಅಂಗಡಿಯ ಗಾಜಿನಲ್ಲಿ ನೋಡಿ ಭಾವ, "ನಿನ್ನ ಗಾಡಿ ಊರಿಗೆಲ್ಲ ಕಣ್ಣು ಹೊಡೀತಿದೆ ಕಣೇ!" ಎಂದರು. ಬಾನೆಟ್ಟಿನ ಕೆಳಗೆ ಅದಕ್ಕೊಂದು ತಿರುಗಣೆ ಇದೆ. ಇಳಿದು ಹೋಗಿ ತಾವೇ ತಿರುಗಿಸಿದರು. ದೀಪ ಮೆಲ್ಲಗೆ ಎದ್ದಾಗ ಬಸ್ಸಿಗೆ ನಿಂತಿದ್ದವರು ಚಪ್ಪಾಳೆ ತಟ್ಟಿದರು. ನಿಮ್ಮ ಭಾವ ಎದೆ ಉಬ್ಬಿಸಿ ಬಂದು, "ಸ್ವಲ್ಪ ಜರುಗು, ಮುಂದಿನ ಬೀದಿ ತನಕ ನಾನು ಓಡಿಸ್ತೀನಿ" ಎನ್ನಬೇಕೇ! ಈಗ ಅಂಗಡಿಯ ಕೆಲಸ ಬದಿಗಿಟ್ಟು ಅದಕ್ಕೆ ಹೊಸ ಚಾವಣಿ ಹೊಲಿಯುತ್ತಿದ್ದಾರೆ.

ನಿನ್ನ ಬೆನ್ನುನೋವು ಹೇಗಿದೆ? ಮಕ್ಕಳಿಬ್ಬರಿಗೂ ದೊಡ್ಡಮ್ಮನ ಮುತ್ತು. ನೀನು ಸದಾ ನಗುನಗುತ್ತಾ ಇರು, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕೆಲಸವನ್ನು ನಾನಾಗಿ ಬಿಡಲಿಲ್ಲ ಕಣೇ. ಡಿಪೋದಲ್ಲಿ ಕಿವಿ ಪರೀಕ್ಷೆ ಮಾಡಿಸಿ ಇಳಿಸಿದರು. ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದು ಮಂದವಾಗಿದೆ, ಅದೂ ಹೋಗುತ್ತದಂತೆ, ಯಾವಾಗ ಎಂದು ಕಿವಿಯ ಡಾಕ್ಟರಿಗೂ ತಿಳಿಯದು. ಸ್ವಂತ ಕಾರು ಓಡಿಸಲು ಅಡ್ಡಿಯಿಲ್ಲ, ಕನ್ನಡಿಯ ಮೇಲೆ ಕಣ್ಣಿರಲಿ ಎಂದಿದ್ದಾರೆ. ಸದ್ದು ಕೇಳದಿದ್ದರೂ ಮೈಗೆ ಎಲ್ಲವನ್ನೂ ಹೇಳುವ ಗಾಡಿ ನನಗೆ ಬೇಕಿತ್ತು, ಸಿಕ್ಕಿತು. ಮನುಷ್ಯರ ಮಾತು ಹಾಗೆ ಅಂಗೈಗೆ ಬರುವುದಿಲ್ಲವಲ್ಲ. ಹತ್ತಿರ ಇದ್ದವರ ಮಾತು ಹೇಗೋ ಸಿಗುತ್ತದೆ, ಫೋನಿನಲ್ಲಿ ನನಗೆ ಏನೂ ತಿಳಿಯದು, ಸುಮ್ಮನೆ ಹೂಂಗುಟ್ಟುತ್ತೇನೆ. ಕಳೆದ ಸಲ ನೀನು ಏನೋ ಹೇಳಿ ಅಳುತ್ತಿದ್ದೆಯಂತೆ, ನಾನು ನಕ್ಕೆನಂತೆ. ಪಕ್ಕದಲ್ಲಿದ್ದ ನಿಮ್ಮ ಭಾವನಿಗೆ ನಿನ್ನ ಅಳು ಮಾತ್ರ ಕೇಳಿಸಿತಂತೆ, ಆಮೇಲೆ ಹೇಳಿದರು. ಅಂದಿನಿಂದ ನೀನು ಫೋನ್ ಮಾಡಿಲ್ಲ.

ನಾಲ್ಕು ದಿನ ಬಿಡುವು ಮಾಡಿಕೊಂಡು ಬಾ. ಇನ್ನೂ ಕೇಳುವ ಕಿವಿ ಪಕ್ಕದ ಸೀಟಿನ ಕಡೆಗೇ ಇದೆ. ಯಾಕೆ ಅತ್ತೆಯೆಂದು ಹೇಳು.