ಸುರುಳಿ ಬದಲಾಯ್ತು, ಸುಧಕ್ಕ

ಪ್ರೀತಿಯ ಸುಧಕ್ಕ,

ಈ ಪರದೇಶದಲ್ಲಿ, ಹೈರಿಡ್ಜ್ ಬಡಾವಣೆಯ ನಿಮ್ಮ ಮನೆಗೆ ಮೊದಲ ಸಲ ಬಂದ ದಿನ ನೆನಪಿದೆಯಾ? ಊಟದ ಮೇಜಿನ ತುಂಬ ಕಾಗದ, ಅದರ ಮೇಲೆ ಒಂದರೊಳಗೊಂದು ಎಂಟು ಮೂಲೆಯ ಸುತ್ತುಗಳು. "ಕಸೂತಿಗೆ ನಮೂನೆನಾ?" ಅಂದೆ. "ಅಲ್ವೇ ಶೈಲಾ, ಇಂಡಕ್ಟರ್. ರೇಡಿಯೋ ಚಿಪ್ ಒಳಗೆ ಕೂರೋ ಸುರುಳಿ," ಅಂತ ಬಿದ್ದುಬಿದ್ದು ನಕ್ಕಿರಿ. ನೀವು ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ ಗಣಿತ ಹೇಳಿಕೊಡುತ್ತಿದ್ದ ನನಗೆ ಅದೆಲ್ಲ ಎಲ್ಲಿ ಗೊತ್ತಿತ್ತು?

ಇಲ್ಲಿನ ಮಿನಿಬಸ್ಸು ಮಟಾಟುವಿನಲ್ಲಿ ಕಿವಿ ಹರಿಯೋ ಹಾಡಿನ ನಡುವೆ ಕೂಗಿ ಕೂಗಿ ವಿವರಿಸಿದ್ದಿರಿ. "ಮೊಬೈಲಿನ ಒಂದೊಂದು ಬ್ಯಾಂಡಿಗೂ, ಅಂದ್ರೆ ತರಂಗಾಂತರಕ್ಕೂ, ಒಂದೊಂದು ಸುರುಳಿ ಇಟ್ರೆ ಚಿಪ್‌ನಲ್ಲಿ ಜಾಗ ಎಲ್ಲಿ ಉಳಿಯುತ್ತೆ? ಕೆಳಗೆ ಇನ್ನೊಂದು ಸುತ್ತು, ಅದಕ್ಕೊಂದು ಸ್ವಿಚ್. ಸ್ವಿಚ್ ಹಾಕಿದ್ರೆ ಕೆಳಗಿನದು ಮೇಲಿನದನ್ನ ಎದುರಿಸುತ್ತೆ, ಮೇಲಿನದರ ಬಲ ಇಳಿಯುತ್ತೆ. ಒಂದೇ ಸುರುಳಿ, ಎರಡು ಬ್ಯಾಂಡು!" ಅಷ್ಟರಲ್ಲಿ ನಮ್ಮ ಸ್ಟಾಪ್ ಹಿಂದೆ ಹೋಗಿತ್ತು. ವಾಪಸು ನಡೆಯುವಾಗಲೂ ನಿಮ್ಮ ಬಾಯಿ ನಿಲ್ಲಲಿಲ್ಲ.

ನಿಮ್ಮ ಯಜಮಾನರು ರಘು ಭಾವನಿಗೆ ಇಲ್ಲಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ನೀವು ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟು ಬಂದವರು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಹಳೆಯ ಗೈಡ್, "ಬ್ಯಾಂಡು ಬದಲಿಸೋಕೆ ಕೆಪಾಸಿಟರ್ ಬದಲಾಯಿಸಿದ್ರೆ ಸಾಕಲ್ಲಮ್ಮ, ಸುರುಳಿ ಯಾಕೆ ಮುಟ್ತೀಯ?" ಅಂದರಂತೆ. ಆದರೂ ಒಪ್ಪಿಸಿದಿರಿ. ಅಲ್ಲಿಂದಲೇ ಫೋನು: "ಅವರ ಚಿಪ್‌ನಲ್ಲಿ ಒಂದು ಮೂಲೆ ಸಿಕ್ತು ಕಣೇ! ಚೂರೇ ಚೂರು, ಆದ್ರೆ ನಂದು." ಆಮೇಲೆ ಎಷ್ಟು ಸಂಜೆ ಇಬ್ಬರೂ ಲೆಕ್ಕಕ್ಕೆ ಕೂತೆವು! ಸ್ವಿಚ್ಚು ಸಿಗ್ನಲ್ಲನ್ನು ತಿಂದುಹಾಕುತ್ತೆ ಅಂತ ನಾನು, ತಿನ್ನಲ್ಲ ಅಂತ ನೀವು. ಮಧ್ಯೆ ನಿಮ್ಮ ಮಗಳು ಅನಘಾ, "ಅಮ್ಮಾ, ಐ ಆಮ್ ಹಂಗ್ರಿ!"

ನಕ್ಷೆ ಕಳಿಸಿ, ಚಿಪ್ ತಯಾರಾಗಿ ಬರಲೆಂದು ಕಾಯುತ್ತಿದ್ದ ದಿನಗಳವು. ಸ್ಟಾಫ್ ರೂಮಿನಲ್ಲಿ ಹಣೆ ಒತ್ತಿಕೊಂಡು, "ತಲೆನೋವು ಕಣೇ, ಟೀ ಕುಡಿದ್ರೆ ಹೋಗುತ್ತೆ," ಅಂದಿರಿ. ನಾನು ಟೀ ತರುವಷ್ಟರಲ್ಲಿ ಮೇಜಿನ ಮೇಲೆ ಕುಸಿದಿದ್ದಿರಿ. ಭಾವ ಕಾರ್ಖಾನೆಯ ಬಿಳಿ ಕೋಟಿನಲ್ಲೇ ಆಸ್ಪತ್ರೆಗೆ ಓಡಿ ಬಂದರು. ಅಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ.

ಹೋದ ವಾರ ಕಾಲೇಜಿಗೆ ಬೆಂಗಳೂರಿಂದ ಫೋನು ಬಂತು. ನಿಮ್ಮ ಗೈಡ್ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ. "ಸುಧಾ ಮೇಡಂ ಇದಾರಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು: "ಅವರ ಸುರುಳಿ ಅಳೆದ್ವಿ ಮೇಡಂ! ಸ್ವಿಚ್ ಹಾಕಿದ ತಕ್ಷಣ ಗ್ರಾಫ್ ಹಾಗೇ ಪಕ್ಕಕ್ಕೆ ಸರೀತು, ಅವರು ಹೇಳಿದ ಬ್ಯಾಂಡಿಗೇ! ಸಿಗ್ನಲ್ ಸ್ವಲ್ಪ ನಷ್ಟ ಆಗ್ತಿದೆ, ಅಷ್ಟೆ." ನೋಡಿ ಸುಧಕ್ಕ, ಇಬ್ಬರೂ ಗೆದ್ದೆವು.

ಯಾರೂ ಅವಳಿಗೆ ಸುದ್ದಿ ಹೇಳಿರಲಿಲ್ಲ. "ಎಷ್ಟು ಖುಷಿ ಪಡ್ತಾರೆ ಅಲ್ವಾ? ನೀವೇ ಹೇಳ್ಬಿಡಿ ಮೇಡಂ," ಅಂದಳು. ಆ ಸಂತೋಷದ ದನಿಗೆ ನಿಜ ಹೇಳೋಕೆ ನನ್ನಿಂದಾಗಲಿಲ್ಲ. ನಾಳೆ ಅವಳಿಗೆ ನಾನೇ ಫೋನು ಮಾಡಿ ಹೇಳಬೇಕು. ನಷ್ಟ ಇಳಿಸೋ ಲೆಕ್ಕವನ್ನೂ ನಾನೇ ಮುಗಿಸ್ತೀನಿ, ನಿಮ್ಮ ಹೆಸರಲ್ಲೇ.

ಆವತ್ತು ಮಾತ್ರ, "ಹೇಳ್ತೀನಮ್ಮ," ಅಂದುಬಿಟ್ಟೆ.

ಹೇಳಿದೆ, ಸುಧಕ್ಕ.

ನಿಮ್ಮ
ಶೈಲಾ